ಬೇರಿಗೂ ಬೇಕು ಉಸಿರು
(ದೊಡ್ಡಪತ್ರೆಯ ಕುಂಡ ಬದಲಿಸುವ ಪಾಠ)

ಮಕ್ಕಳೇ, ಯಲಬುರ್ಗಾ ಸೀಮೆಯ ಒಂದು ಸರಕಾರಿ ಶಾಲೆಯಲ್ಲಿ ನಾನು ಕಂಡ ಸಂಗತಿಯನ್ನು ಮೊದಲು ಹೇಳುತ್ತೇನೆ. ಅದು ಜೂನ್ ತಿಂಗಳು. ಏಳನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಮನೆಯಿಂದ ಒಂದು ದೊಡ್ಡಪತ್ರೆ ಗಿಡ ತಂದಳು. ಅದು ಕಿವಿ ಮುರಿದ ಒಂದು ಸಣ್ಣ ಪಾತ್ರೆಯಲ್ಲಿತ್ತು. ಅದರ ಕಾಂಡಗಳು ಪಾತ್ರೆಯ ಅಂಚು ದಾಟಿ ಒಂದು ಮೊಳದಷ್ಟು ಕೆಳಗೆ ಜೋತುಬಿದ್ದಿದ್ದವು. "ಪಾಪ, ಗಿಡಕ್ಕೆ ಜಾಗ ಸಾಲದು" ಎಂದು ಮಕ್ಕಳು ಬಿಸಿಯೂಟದ ಕೋಣೆಯಿಂದ ಎಣ್ಣೆಯ ದೊಡ್ಡ ಡಬ್ಬಿ ತಂದರು. ಹೊಲದ ಕಪ್ಪು ಎರೆ ಮಣ್ಣನ್ನು ಅದರಲ್ಲಿ ಗಟ್ಟಿಯಾಗಿ ತುಂಬಿದರು. ಗಿಡ ನೆಟ್ಟರು. ನೀರು ಹಾಕಲು ಸರದಿ ಪಟ್ಟಿಯನ್ನೂ ಮಾಡಿದರು. ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ.

ಹತ್ತು ದಿನ ಕಳೆಯುವಷ್ಟರಲ್ಲಿ ಎಲೆಗಳು ಬಾಡಿ ಕೆಳಗೆ ಬಾಗಿದವು. ಮಕ್ಕಳು ಗಾಬರಿಯಾಗಿ ಮೂರು ಹೊತ್ತು ನೀರು ಹಾಕತೊಡಗಿದರು. ಎಲೆಗಳು ಹಳದಿಯಾದವು, ಉದುರಿದವು.

"ದಿನಾ ನೀರು ಹಾಕೇವ್ರಿ ಸರ್, ಆದ್ರೂ ಬಾಡೇತ್ರಿ" ಎಂದಳು ಆ ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು.

ಡಬ್ಬಿಯನ್ನು ಬೋರಲು ಹಾಕಿ ನೋಡಿದೆವು. ಮಣ್ಣು ಕೆಸರಾಗಿತ್ತು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಬಿಳಿಯಾಗಿರಬೇಕಾದ ಬೇರುಗಳು ಕಂದಾಗಿ, ಮುಟ್ಟಿದರೆ ಸಿಪ್ಪೆ ಜಾರುವಷ್ಟು ಮೆತ್ತಗಾಗಿದ್ದವು. ಡಬ್ಬಿಯ ತಳದಲ್ಲಿ ಒಂದು ತೂತೂ ಇರಲಿಲ್ಲ.

ಆ ಗಿಡ ಬಾಯಾರಿ ಸಾಯುತ್ತಿರಲಿಲ್ಲ. ಅದರ ಬೇರಿಗೆ ಉಸಿರು ಕಟ್ಟಿತ್ತು. ಬೇರು ಉಸಿರಾಡುತ್ತದೆಯೇ? ಒದ್ದೆ ಮಣ್ಣಿನಲ್ಲಿದ್ದರೂ ಎಲೆ ಬಾಡುವುದೇಕೆ? ಕುಂಡವನ್ನು ಹೇಗೆ ಬದಲಿಸಿದ್ದರೆ ಗಿಡ ಚೆನ್ನಾಗಿರುತ್ತಿತ್ತು? ಬನ್ನಿ, ಒಂದೊಂದಾಗಿ ತಿಳಿಯೋಣ.

ಗಿಡದ ಪರಿಚಯ

ದೊಡ್ಡಪತ್ರೆಯನ್ನು ನೀವು ನೋಡಿಯೇ ಇರುತ್ತೀರಿ. ಅಜವಾನದ ಎಲೆ, ಸಾಂಬಾರ ಸೊಪ್ಪು, ಕರ್ಪೂರವಳ್ಳಿ ಎಂದೂ ಇದನ್ನು ಕರೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಬಂದರೆ ಅಜ್ಜಿಯಂದಿರು ಮೊದಲು ಹುಡುಕುವುದು ಈ ಎಲೆಯನ್ನೇ. ಕಡಲೆ ಹಿಟ್ಟಿನಲ್ಲಿ ಅದ್ದಿ ಭಜಿಯನ್ನೂ ಕರಿಯುತ್ತಾರೆ.

ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿ. ಅಜವಾನದ ಕಾಳಿನ ವಾಸನೆಯೇ ಬರುತ್ತದೆ ಅಲ್ಲವೇ? ಅಜವಾನದ ಕಾಳಿನಲ್ಲಿರುವ ಥೈಮಾಲ್ ಎಂಬ ವಸ್ತು, ಅದರ ಹತ್ತಿರದ ಸಂಬಂಧಿ ಕಾರ್ವಕ್ರಾಲ್, ಇವೆರಡೂ ದೊಡ್ಡಪತ್ರೆಯ ಎಣ್ಣೆಯಲ್ಲಿ ಸಿಗುತ್ತವೆ. ಆದರೆ ಇವೆರಡು ಗಿಡಗಳು ಒಂದೇ ಕುಟುಂಬದವಲ್ಲ. ಅಜವಾನ ಕೊತ್ತಂಬರಿಯ ಕುಟುಂಬಕ್ಕೆ ಸೇರಿದೆ, ದೊಡ್ಡಪತ್ರೆ ತುಳಸಿಯ ಕುಟುಂಬಕ್ಕೆ. ತುಳಸಿಯಲ್ಲಿರುವಂತೆ ಇದರಲ್ಲಿಯೂ ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಎಳೆಯ ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳಿರುವುದೂ ತಿಳಿಯುತ್ತದೆ.

ಈ ಗಿಡದ ಹೆಸರಿನಲ್ಲಿ ಒಂದು ಪ್ರಯಾಣದ ಕಥೆಯಿದೆ. ಪೋರ್ಚುಗಲ್ ದೇಶದ ಸಸ್ಯಶಾಸ್ತ್ರಜ್ಞ ಲೊರೆರೊ 1790ರಲ್ಲಿ ಇದಕ್ಕೆ ಕೋಲಿಯಸ್ ಅಂಬೋಯಿನಿಕಸ್ ಎಂದು ಹೆಸರಿಟ್ಟರು. ಅಂಬೋಯಿನಾ ಎಂದರೆ ಇಂದಿನ ಇಂಡೋನೇಷ್ಯದ ಒಂದು ದ್ವೀಪ. ಆದರೆ ಈ ಗಿಡ ಆಫ್ರಿಕದ ಪೂರ್ವ ಮತ್ತು ದಕ್ಷಿಣ ಭಾಗಗಳ ಕಲ್ಲುಗುಡ್ಡಗಳಲ್ಲಿ, ಕುರುಚಲು ಕಾಡುಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಮುಂದೆ ಬಹಳ ಕಾಲ ಇದನ್ನು ಪ್ಲೆಕ್ಟ್ರಾಂಥಸ್ ಎಂಬ ಗುಂಪಿಗೆ ಸೇರಿಸಿದ್ದರು. ಗಿಡಗಳ ನಂಟನ್ನು ಮತ್ತೆ ಪರಿಶೀಲಿಸಿದ ವಿಜ್ಞಾನಿಗಳು 2019ರಲ್ಲಿ ಇದನ್ನು ಕೋಲಿಯಸ್ ಗುಂಪಿಗೇ ಮರಳಿಸಿದರು. ವಿಜ್ಞಾನದಲ್ಲಿ ಹೊಸ ಆಧಾರ ಸಿಕ್ಕರೆ ಹೆಸರನ್ನೂ ತಿದ್ದಿಕೊಳ್ಳುತ್ತಾರೆ.

ಎಲೆಯೇ ನೀರಿನ ಚೀಲ

ಕಳ್ಳಿ, ಕತ್ತಾಳೆ, ಲೋಳೆಸರ ಇವು ರಸಭರಿತ ಸಸ್ಯಗಳು. ಇವು ಕಾಂಡ ಅಥವಾ ಎಲೆಯಲ್ಲಿ ನೀರನ್ನು ಕೂಡಿಟ್ಟುಕೊಂಡು ಬಹಳ ದಿನ ಬದುಕುತ್ತವೆ. ದೊಡ್ಡಪತ್ರೆ ಅಷ್ಟು ಗಟ್ಟಿಗನಲ್ಲ. ದಾಸವಾಳದಷ್ಟು ನೀರು ಬೇಡುವ ಗಿಡವೂ ಅಲ್ಲ. ಅದರ ಎಲೆ ದಪ್ಪ, ಕಾಂಡ ರಸದಿಂದ ಕೂಡಿದ್ದು. ಎಲೆಯ ಮೇಲಿನ ಸಣ್ಣ ರೋಮಗಳು ಗಾಳಿಯನ್ನು ತಡೆದು, ನೀರು ಬೇಗ ಆವಿಯಾಗದಂತೆ ನೋಡಿಕೊಳ್ಳುತ್ತವೆ. ಇಂಥ ಗಿಡವನ್ನು ಅರೆ ರಸಭರಿತ ಸಸ್ಯ ಎನ್ನಬಹುದು.

ಚಟುವಟಿಕೆ 1: ದೊಡ್ಡಪತ್ರೆಯ ಒಂದು ಎಲೆ, ದಾಸವಾಳದ ಒಂದು ಎಲೆ ಕಿತ್ತು ನೆರಳಿನಲ್ಲಿ ಒಂದು ಕಾಗದದ ಮೇಲೆ ಇಡಿ. ಗಂಟೆಗೊಮ್ಮೆ ಮುಟ್ಟಿ ನೋಡಿ, ಯಾವುದು ಮೊದಲು ಬಾಡಿತು ಎಂದು ಬರೆದಿಡಿ. ಮರುದಿನವೂ ನೋಡಿ.

ದೊಡ್ಡಪತ್ರೆಯ ಎಲೆ ಬಹಳ ಹೊತ್ತು ಗಟ್ಟಿಯಾಗಿಯೇ ಇರುವುದನ್ನು ಕಾಣುತ್ತೀರಿ. ಎಲೆಯಲ್ಲಿಯೇ ನೀರಿನ ಸಂಗ್ರಹವಿದೆ ಎಂದ ಮೇಲೆ ಈ ಗಿಡಕ್ಕೆ ದಿನಕ್ಕೆ ಎರಡು ತಂಬಿಗೆ ನೀರು ಬೇಕೆ? ಯೋಚಿಸಿ.

ಬೇರು ಹೇಗೆ ಉಸಿರಾಡುತ್ತದೆ?

ಉಸಿರಾಟ ನಮ್ಮ ಹಾಗೆ ಮೂಗು, ಶ್ವಾಸಕೋಶ ಇರುವ ಪ್ರಾಣಿಗಳಲ್ಲಿ ಮಾತ್ರ ನಡೆಯುವುದಿಲ್ಲ. ಗಿಡದ ಪ್ರತಿಯೊಂದು ಜೀವಂತ ಕೋಶವೂ ಉಸಿರಾಡುತ್ತದೆ. ಎಲೆಗಳು ಬಿಸಿಲಿನಲ್ಲಿ ಆಹಾರ ತಯಾರಿಸಿ, ಸಕ್ಕರೆಯ ರೂಪದಲ್ಲಿ ಬೇರಿಗೆ ಕಳಿಸುತ್ತವೆ. ಬೇರಿನ ಕೋಶಗಳು ಆಮ್ಲಜನಕದ ನೆರವಿನಿಂದ ಆ ಸಕ್ಕರೆಯನ್ನು ಬಳಸಿ ಶಕ್ತಿ ಪಡೆಯುತ್ತವೆ. ಬೆಳೆಯಲು, ಮಣ್ಣಿನಿಂದ ಲವಣಗಳನ್ನು ಎಳೆದುಕೊಳ್ಳಲು ಈ ಶಕ್ತಿ ಬೇಕು.

ಬೇರಿಗೆ ಈ ಆಮ್ಲಜನಕ ಬರುವುದು ಮಣ್ಣಿನ ಕಣಗಳ ನಡುವಿನ ಸಂದುಗಳಿಂದ. ನೀರು ಹಾಕಿದಾಗ ಸಂದುಗಳೆಲ್ಲ ತುಂಬುತ್ತವೆ. ದೊಡ್ಡ ಸಂದುಗಳ ನೀರು ಕೆಳಗಿಳಿದು ಹೋಗುತ್ತದೆ, ಅದರ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ಸಣ್ಣ ಸಂದುಗಳಲ್ಲಿ ನೀರು ಉಳಿಯುತ್ತದೆ. ಹೀಗೆ ಒಳ್ಳೆಯ ಮಣ್ಣಿನಲ್ಲಿ ಬೇರಿಗೆ ನೀರೂ ಉಂಟು, ಗಾಳಿಯೂ ಉಂಟು.

ತೂತಿಲ್ಲದ ಡಬ್ಬಿಯಲ್ಲಿ ಏನಾಗುತ್ತದೆ? ನೀರು ಇಳಿದು ಹೋಗಲು ದಾರಿಯಿಲ್ಲ. ಸಂದುಗಳೆಲ್ಲ ನೀರಿನಿಂದಲೇ ತುಂಬಿರುತ್ತವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ತನ್ನ ಸುತ್ತಲಿದ್ದ ಆಮ್ಲಜನಕವನ್ನು ಬೇಗ ಮುಗಿಸುತ್ತದೆ. ಹೊಸದು ಬರುವುದಿಲ್ಲ. ಶಕ್ತಿ ಇಲ್ಲದ ಬೇರು ದುರ್ಬಲವಾಗುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಅದನ್ನು ಹಿಡಿಯುತ್ತವೆ.

ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ಮಣ್ಣಲ್ಲಿ ನೀರು ತುಂಬಿದ್ದರೂ ಎಲೆಗೆ ನೀರು ಸಿಗದೆ ಗಿಡ ಬಾಡುತ್ತದೆ. ಬಾಡಿದ್ದನ್ನು ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ, ಇನ್ನಷ್ಟು ಬೇರು ಕೊಳೆಯುತ್ತದೆ. ನಮ್ಮ ಮಕ್ಕಳ ಡಬ್ಬಿಯಲ್ಲಿ ಆದದ್ದು ಇದೇ.

ಭತ್ತ ಏಕೆ ಸಾಯುವುದಿಲ್ಲ?

ಗಂಗಾವತಿ, ಕಾರಟಗಿ ಕಡೆಯ ಮಕ್ಕಳು ಇಲ್ಲಿ ಕೈ ಎತ್ತಬಹುದು. "ನಮ್ಮ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿರ್ತೇತಿ. ಭತ್ತದ ಬೇರು ಯಾಕೆ ಕೊಳೆಯಂಗಿಲ್ರಿ?"

ಒಳ್ಳೆಯ ಪ್ರಶ್ನೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣವಾಯಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯ ನೀರು ಈ ಭಾಗವನ್ನು ಭತ್ತದ ಸೀಮೆಯನ್ನಾಗಿ ಮಾಡಿದೆ. ಭತ್ತದ ಗಿಡಕ್ಕೆ ಒಂದು ವಿಶೇಷ ರಚನೆ ಇದೆ. ಅದರ ಎಲೆಯಿಂದ ಕಾಂಡದ ಮೂಲಕ ಬೇರಿನವರೆಗೆ ಗಾಳಿಯ ಕೊಳವೆಗಳಂಥ ಟೊಳ್ಳು ಜಾಗಗಳಿವೆ. ನೀರಿನ ಮೇಲಿರುವ ಎಲೆ ಒಳಗೆಳೆದುಕೊಂಡ ಗಾಳಿ ಈ ದಾರಿಯಲ್ಲಿ ಬೇರಿಗೆ ಇಳಿಯುತ್ತದೆ. ಹೊಳೆಯಲ್ಲಿ ಮುಳುಗಿ ಕುಳಿತವನು ಟೊಳ್ಳು ದಂಟಿನಿಂದ ಉಸಿರಾಡಿದ ಹಾಗೆ! ದೊಡ್ಡಪತ್ರೆ ಗುಡ್ಡದ ಗಿಡ. ಅದಕ್ಕೆ ಇಂಥ ಏರ್ಪಾಡು ಇಲ್ಲ. ಮಣ್ಣಿನ ಸಂದಿನಲ್ಲಿ ಸಿಗುವ ಗಾಳಿಯೇ ಅದರ ಬೇರಿಗೆ ಗತಿ.

ನಮ್ಮ ಜಿಲ್ಲೆಯ ಮಣ್ಣು

ಈಗ ಕೊಪ್ಪಳ ಜಿಲ್ಲೆಯಲ್ಲಿ ಏಳು ತಾಲೂಕುಗಳಿವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲೂಕುಗಳ ಜೊತೆಗೆ ಕುಕನೂರು, ಕಾರಟಗಿ, ಕನಕಗಿರಿ ಸೇರಿವೆ. ಈ ಸೀಮೆಯ ಯಾವ ಊರಿನಿಂದ ಇನ್ನಾವ ಊರಿಗೆ ಹೋದರೂ ದಾರಿಯಲ್ಲಿ ಮಣ್ಣಿನ ಬಣ್ಣ ಬದಲಾಗುವುದನ್ನು ನೋಡಬಹುದು. ಒಂದು ಕಡೆ ಕಪ್ಪು ಎರೆ, ಇನ್ನೊಂದು ಕಡೆ ಕೆಂಪು ಮಸಾರಿ, ನಡುವೆ ಗರಸು.

ಎರೆ ಮಣ್ಣಿನ ಜೇಡಿಕಣಗಳು ಬಹಳ ಸಣ್ಣವು, 0.002 ಮಿಲಿಮೀಟರಿಗಿಂತಲೂ ಚಿಕ್ಕವು. ದಪ್ಪ ಉಸುಕಿನ ಕಾಳು 2 ಮಿಲಿಮೀಟರಿನವರೆಗೆ ಇರಬಹುದು. ಅಂದರೆ ಒಂದು ಸಾವಿರ ಪಟ್ಟು ದೊಡ್ಡದು! ಕಣ ಸಣ್ಣದಾದಷ್ಟೂ ಸಂದು ಸಣ್ಣದು, ಸಂದು ಸಣ್ಣದಾದಷ್ಟೂ ನೀರು ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ.

ಹಾಗಾದರೆ ಎರೆ ಕೆಟ್ಟ ಮಣ್ಣೇ? ಖಂಡಿತ ಅಲ್ಲ. ಮಳೆ ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಎರೆ ಹೊಲ ಹಿಡಿದಿಟ್ಟ ತೇವದಿಂದಲೇ. ಹೊಲದಲ್ಲಿ ಬೇರಿಗೆ ಆಳಕ್ಕೆ ಇಳಿಯಲು, ಬದಿಗೆ ಹರಡಲು ಜಾಗವಿದೆ. ಕುಂಡದಲ್ಲಿ ಒಂದು ಗೇಣು ಮಣ್ಣು ಮಾತ್ರ. ಹೊಲಕ್ಕೆ ವರವಾದ ಗುಣವೇ ಕುಂಡದಲ್ಲಿ ತೊಂದರೆಯಾಗುತ್ತದೆ.

ಚಟುವಟಿಕೆ 2: ಯಾವ ಮಣ್ಣು ನೀರು ಬಿಡುತ್ತದೆ?

ಬೇಕಾಗುವ ಸಾಮಗ್ರಿಗಳು: ಒಂದೇ ಅಳತೆಯ ನಾಲ್ಕು ಪ್ಲಾಸ್ಟಿಕ್ ಬಾಟಲಿಗಳು, ತೆಳು ಬಟ್ಟೆ, ದಾರ, ಲೋಟ, ಗಡಿಯಾರ. ಎರೆ ಮಣ್ಣು, ಮಸಾರಿ ಮಣ್ಣು, ಹಳ್ಳದ ದಪ್ಪ ಉಸುಕು, ಹಾಗೂ ಮುಂದೆ ಹೇಳುವ ಮಿಶ್ರಣ.

ವಿಧಾನ: ಬಾಟಲಿಗಳನ್ನು ಗುರುಗಳಿಂದ ಅಡ್ಡಕ್ಕೆ ಕತ್ತರಿಸಿಕೊಳ್ಳಿ. ಮೇಲಿನ ಭಾಗದ ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ಕೆಳಗಿನ ಭಾಗದಲ್ಲಿ ಕೂಡಿಸಿ. ಅದು ಆಲಿಕೆಯಂತೆ ಕಾಣುತ್ತದೆ. ಒಂದೊಂದರಲ್ಲಿ ಒಂದೊಂದು ಬಗೆಯ ಮಣ್ಣನ್ನು ಎರಡು ಲೋಟ ಹಾಕಿ. ಪ್ರತಿಯೊಂದಕ್ಕೂ ಒಂದು ಲೋಟ ನೀರು ನಿಧಾನವಾಗಿ ಹಾಕಿ. ಮೊದಲ ಸಲದ ಲೆಕ್ಕ ಬೇಡ. ಒಣ ಎರೆ ಮಣ್ಣಿನ ಬಿರುಕಿನಲ್ಲಿ ನೀರು ಸರ್ರನೆ ಇಳಿದು ನಿಮಗೆ ಮೋಸ ಮಾಡಬಹುದು. ಅರ್ಧ ಗಂಟೆ ಬಿಟ್ಟು, ಕೆಳಗಿನ ನೀರು ಚೆಲ್ಲಿ, ಮತ್ತೆ ಒಂದೊಂದು ಲೋಟ ನೀರು ಹಾಕಿ.

ವೀಕ್ಷಣೆ: ಮೊದಲ ಹನಿ ಎಷ್ಟು ಹೊತ್ತಿಗೆ ಬಿತ್ತು? ಹತ್ತು ನಿಮಿಷದಲ್ಲಿ ಎಷ್ಟು ನೀರು ಕೆಳಗೆ ಬಂತು? ಮಣ್ಣಿನ ಮೇಲೆ ನೀರು ನಿಂತಿದೆಯೇ? ನಾಲ್ಕನ್ನೂ ಕೋಷ್ಟಕದಲ್ಲಿ ಬರೆಯಿರಿ.

ತೀರ್ಮಾನ: ಉಸುಕು ನೀರನ್ನು ಬೇಗ ಬಿಟ್ಟುಬಿಡುತ್ತದೆ, ಎರೆ ಬಿಗಿಯಾಗಿ ಹಿಡಿಯುತ್ತದೆ. ನಮ್ಮ ಗಿಡಕ್ಕೆ ಬೇಕಾದದ್ದು ಇವೆರಡರ ನಡುವಿನದು. ಆದ್ದರಿಂದಲೇ ಮಿಶ್ರಣ ಮಾಡುತ್ತೇವೆ.

ಮಿಶ್ರಣ ಹೀಗಿರಲಿ: ಮಸಾರಿ ಮಣ್ಣು 2 ಬೊಗಸೆ, ದಪ್ಪ ಉಸುಕು 1 ಬೊಗಸೆ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 1 ಬೊಗಸೆ, ಹಳೆಯ ಭತ್ತದ ಹೊಟ್ಟು 1 ಬೊಗಸೆ. ಹೊಟ್ಟು ಅಕ್ಕಿ ಗಿರಣಿಯ ಹತ್ತಿರ ಸಿಗುತ್ತದೆ. ಅದರಲ್ಲಿ ಸಿಲಿಕಾ ಹೆಚ್ಚಾಗಿರುವುದರಿಂದ ಬೇಗ ಕೊಳೆಯುವುದಿಲ್ಲ, ಮಣ್ಣನ್ನು ಸಡಿಲವಾಗಿಡುತ್ತದೆ. ಹೊಟ್ಟು ಸಿಗದಿದ್ದರೆ ಶೇಂಗಾ ಸಿಪ್ಪೆಯನ್ನು ಪುಡಿಮಾಡಿ ಹಾಕಿ. ನಿಮ್ಮ ಊರಲ್ಲಿ ಎರೆ ಮಣ್ಣು ಮಾತ್ರ ಇದ್ದರೆ 1 ಬೊಗಸೆ ಎರೆಗೆ 2 ಬೊಗಸೆ ದಪ್ಪ ಉಸುಕು ಬೇಕು. ಒಂದು ಹಿಡಿ ಉಸುಕು ಬೆರೆಸಿದರೆ ಏನೂ ಸಾಲದು. ಹಸಿ ಸೆಗಣಿಯನ್ನು ಹಾಕಬೇಡಿ, ಬೇರಿಗೆ ಕೆಡಕು.

ಕುಂಡ ಯಾವಾಗ ಬದಲಿಸಬೇಕು?

ಗಿಡ ತಾನೇ ಹೇಳುತ್ತದೆ. ಈ ಗುರುತುಗಳನ್ನು ನೋಡಿ:

* ಕುಂಡದ ತಳದ ತೂತಿನಿಂದ ಬೇರು ಹೊರಗೆ ಇಣುಕಿದೆ.
* ಹಾಕಿದ ನೀರು ಮಣ್ಣಲ್ಲಿ ನಿಲ್ಲದೆ ತಕ್ಷಣ ಕೆಳಗೆ ಬರುತ್ತದೆ. ಕುಂಡದ ತುಂಬ ಬೇರೇ ಇದೆ, ಮಣ್ಣು ಕಡಿಮೆ ಎಂದು ಅರ್ಥ.
* ಹೊಸ ಎಲೆಗಳು ಮೊದಲಿನವುಗಳಿಗಿಂತ ಸಣ್ಣದಾಗುತ್ತಿವೆ.
* ಜೋತುಬಿದ್ದ ಕಾಂಡಗಳ ಭಾರಕ್ಕೆ ಕುಂಡ ಪದೇ ಪದೇ ವಾಲುತ್ತದೆ.

ಜೂನ್, ಜುಲೈ ತಿಂಗಳ ತಂಪು ಹವೆ ಇದಕ್ಕೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆಗ ಬೇರನ್ನು ಅಲುಗಿಸಬೇಡಿ.

ಹೊಸ ಕುಂಡ ಹಳೆಯದಕ್ಕಿಂತ ಎರಡು ಬೆರಳು ಮಾತ್ರ ಅಗಲವಾಗಿರಲಿ. "ದೊಡ್ಡದೇ ಇರಲಿ ಬಿಡಿ, ಮುಂದೆ ಬೆಳೆಯುತ್ತದೆ" ಎನ್ನಬೇಡಿ. ಸಣ್ಣ ಬೇರು ದೊಡ್ಡ ಕುಂಡದ ನೀರನ್ನೆಲ್ಲ ಹೀರಲಾರದು. ಬೇರಿಲ್ಲದ ಕಡೆಯ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮಣ್ಣಿನ ಕುಂಡ ಸಿಕ್ಕರೆ ಬಹಳ ಒಳ್ಳೆಯದು. ಅದರ ಗೋಡೆಯ ಮೂಲಕ ತೇವ ಆರುತ್ತದೆ, ನೀರಿನ ಗಡಿಗೆಯಂತೆ ತಂಪಾಗಿಯೂ ಇರುತ್ತದೆ.

ಕುಂಡ ಬದಲಿಸುವ ವಿಧಾನ

1. ಹಿಂದಿನ ದಿನ ಸಂಜೆ ಗಿಡಕ್ಕೆ ಸ್ವಲ್ಪ ನೀರು ಹಾಕಿ. ತೇವವಾದ ಮಣ್ಣು ಪುಡಿಯಾಗದೆ ಇಡಿಯಾಗಿ ಹೊರಗೆ ಬರುತ್ತದೆ.

2. ಹೊಸ ಕುಂಡದ ತಳದಲ್ಲಿ ತೂತು ಇದೆಯೇ ನೋಡಿ. ಡಬ್ಬಿಯಾದರೆ ಗುರುಗಳಿಂದ ಮೊಳೆಯಲ್ಲಿ ನಾಲ್ಕೈದು ತೂತು ಹಾಕಿಸಿಕೊಳ್ಳಿ. ಡಬ್ಬಿಯ ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ, ಅದನ್ನು ಒಳಕ್ಕೆ ಮಡಚಿಸಿ.

3. ತೂತಿನ ಮೇಲೆ ಒಡೆದ ಗಡಿಗೆಯ ಒಂದು ಚೂರನ್ನು ಬೋರಲಾಗಿ ಇಡಿ. ಮಣ್ಣು ಸೋರುವುದಿಲ್ಲ, ನೀರು ಹೋಗುತ್ತದೆ. ಅದರ ಮೇಲೆ ಎರಡು ಮೂರು ಬೆರಳು ಮಿಶ್ರಣ ಹಾಕಿ.

4. ಜೋತುಬಿದ್ದ ಕಾಂಡಗಳು ಬಹಳ ಪೆಡಸು, ಲಟಕ್ಕನೆ ಮುರಿಯುತ್ತವೆ. ಅವನ್ನು ಒಟ್ಟುಗೂಡಿಸಿ ಹಳೆಯ ದಿನಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿ. ಈ ಕೆಲಸಕ್ಕೆ ಇಬ್ಬರಿರಲಿ. ಒಬ್ಬರು ಕಾಂಡ ಹಿಡಿಯಬೇಕು, ಇನ್ನೊಬ್ಬರು ಕುಂಡ.

5. ಗಿಡದ ಬುಡವನ್ನು ಬೆರಳುಗಳ ನಡುವೆ ಬರುವಂತೆ ಅಂಗೈಯನ್ನು ಮಣ್ಣಿನ ಮೇಲಿಡಿ. ಕುಂಡವನ್ನು ಬೋರಲು ಮಾಡಿ, ತಳಕ್ಕೆ ಮೆಲ್ಲಗೆ ತಟ್ಟಿ. ಕಾಂಡ ಹಿಡಿದು ಎಳೆಯಬೇಡಿ.

6. ಬೇರನ್ನು ನೋಡಿ. ಬಿಳಿಯಾಗಿ ಗಟ್ಟಿಯಾಗಿದ್ದರೆ ಆರೋಗ್ಯ. ಕಂದಾಗಿ ಮೆತ್ತಗಿದ್ದರೆ ಕೊಳೆತಿದೆ, ಅದನ್ನು ಕತ್ತರಿಯಿಂದ ತೆಗೆಯಿರಿ. ಬೇರು ಕುಂಡದ ಆಕಾರದಲ್ಲೇ ಸುತ್ತಿಕೊಂಡಿದ್ದರೆ ಹೊರಗಿನ ಸುತ್ತನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ. ಇಲ್ಲದಿದ್ದರೆ ಹೊಸ ಕುಂಡದಲ್ಲಿಯೂ ಅದು ಸುತ್ತುತ್ತಲೇ ಇರುತ್ತದೆ.

7. ಗಿಡವನ್ನು ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂಡಿಸಿ. ರಸಭರಿತ ಕಾಂಡ ಒದ್ದೆ ಮಣ್ಣಿನಲ್ಲಿ ಹೂತರೆ ಕೊಳೆಯುವ ಭಯವಿದೆ.

8. ಸುತ್ತಲೂ ಮಿಶ್ರಣ ತುಂಬಿ. ಕುಂಡವನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಸಾಕು, ಮಣ್ಣು ಕೂಡುತ್ತದೆ. ಮುಷ್ಟಿಯಿಂದ ಗುದ್ದಬೇಡಿ. ಗುದ್ದಿದರೆ ಗಾಳಿಯ ಸಂದುಗಳು ಮುಚ್ಚುತ್ತವೆ. ಅಂಚಿನಿಂದ ಒಂದು ಬೆರಳು ಖಾಲಿ ಬಿಡಿ.

9. ತಳದಿಂದ ಹನಿ ಬೀಳುವವರೆಗೆ ಒಂದು ಸಲ ನೀರು ಹಾಕಿ. ಕೆಳಗಿನ ತಟ್ಟೆಯ ನೀರನ್ನು ಚೆಲ್ಲಿ. ನಿಂತ ನೀರು ಬೇರಿಗೂ ಕೆಟ್ಟದ್ದು, ಡೆಂಗಿ ಹರಡುವ ಸೊಳ್ಳೆಗೂ ಮನೆಯಾಗುತ್ತದೆ.

10. ಒಂದು ವಾರ ನೆರಳಿನಲ್ಲಿಡಿ. ಆಮೇಲೆ ಬೆಳಗಿನ ಎಳೆಬಿಸಿಲು ಬೀಳುವ ಕಡೆ ಇಡಿ.

ಎಚ್ಚರಿಕೆ: ಹೊಟ್ಟಿನ ದೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಒಂದು ವಾರ ನೆರಳು ಏಕೆ? ಬೇರಿನ ತುದಿಯ ಬಳಿ ಕಣ್ಣಿಗೆ ಕಂಡೂ ಕಾಣದಷ್ಟು ನವಿರಾದ ಬೇರುರೋಮಗಳಿವೆ. ನೀರು ಹೀರುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು. ಕುಂಡ ಬದಲಿಸುವಾಗ ಎಷ್ಟು ಜಾಗ್ರತೆ ವಹಿಸಿದರೂ ಕೆಲವು ಹರಿಯುತ್ತವೆ. ಹೊಸ ರೋಮ ಬರುವವರೆಗೆ ಗಿಡಕ್ಕೆ ನೀರಿನ ಆದಾಯ ಕಡಿಮೆ. ನೆರಳಿನಲ್ಲಿಟ್ಟರೆ ಖರ್ಚೂ ಕಡಿಮೆಯಾಗುತ್ತದೆ. ಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡಿದ ಭತ್ತದ ಸಸಿ ಕೆಲವು ದಿನ ಮಂಕಾಗಿ, ಆಮೇಲೆ ಚೇತರಿಸಿಕೊಳ್ಳುವುದನ್ನು ನೋಡಿದ್ದೀರಲ್ಲ? ಕಾರಣ ಅದೇ.

ತಳಕ್ಕೆ ಕಲ್ಲು ತುಂಬಬೇಕೇ?

"ಕುಂಡದ ತಳಕ್ಕೆ ಒಂದು ಗೇಣು ಹರಳು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ" ಎಂದು ಹಲವರು ಹೇಳುತ್ತಾರೆ. ನಿಜವೇ? ಪರೀಕ್ಷಿಸೋಣ.

ಚಟುವಟಿಕೆ 3: ಪಾತ್ರೆ ತೊಳೆಯುವ ಉದ್ದನೆಯ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಡ್ಡ ಮಲಗಿಸಿದಂತೆ ಎರಡು ಬೆರಳಲ್ಲಿ ಹಿಡಿಯಿರಿ. ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಹಿಂಡದೆ ಅದನ್ನು ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ!

ಸ್ಪಂಜು ಅದೇ, ಹಿಡಿದ ರೀತಿ ಮಾತ್ರ ಬೇರೆ. ಸ್ಪಂಜಿನ ಕೆಳಗಿನ ತುದಿಯಲ್ಲಿ ಸ್ವಲ್ಪ ಎತ್ತರದವರೆಗೆ ನೀರು ಯಾವಾಗಲೂ ಅಂಟಿಕೊಂಡು ನಿಲ್ಲುತ್ತದೆ. ಮಣ್ಣಿನಲ್ಲಿಯೂ ಹೀಗೆಯೇ. ತಳಕ್ಕೆ ಹರಳು ತುಂಬಿದರೆ ಆ ಒದ್ದೆ ಪದರ ಮಾಯವಾಗುವುದಿಲ್ಲ. ಹರಳಿನ ಮೇಲಿನ ಮಣ್ಣಿಗೆ ಏರಿ, ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಜೊತೆಗೆ ಮಣ್ಣಿನ ಜಾಗವೂ ಕಡಿಮೆಯಾಗುತ್ತದೆ. ಆದ್ದರಿಂದ ತೂತಿಗೆ ಒಂದು ಚೂರು ಸಾಕು. ಇಡೀ ಕುಂಡದ ಮಣ್ಣೇ ಸಡಿಲವಾಗಿರಲಿ.

ನೀರು ಹಾಕುವ ಮೊದಲು ಬೆರಳು ಹಾಕಿ

ದಿನಕ್ಕೆ ಇಷ್ಟು ನೀರು ಎಂಬ ಲೆಕ್ಕ ಈ ಗಿಡಕ್ಕೆ ಹೊಂದುವುದಿಲ್ಲ. ಮಳೆಗಾಲ, ಬೇಸಿಗೆ, ಬಿಸಿಲು, ನೆರಳು ಎಲ್ಲದಕ್ಕೂ ಲೆಕ್ಕ ಬದಲಾಗುತ್ತದೆ. ತೋರುಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ. ತೇವ ಹತ್ತಿದರೆ ಇಂದು ನೀರು ಬೇಡ. ಒಣಗಿದ್ದರೆ ತಳದಿಂದ ಹನಿ ಬೀಳುವವರೆಗೆ ಹಾಕಿ. ಕುಂಡವನ್ನು ಎತ್ತಿ ನೋಡುವುದೂ ಒಂದು ಉಪಾಯ. ಒಣಗಿದ ಕುಂಡ ಹಗುರ.

ಬಾಡಿದ ಗಿಡ ಕಂಡಾಗ ಈ ಎರಡು ಪಟ್ಟಿಗಳನ್ನು ನೆನಪಿಸಿಕೊಳ್ಳಿ.

ಬಾಯಾರಿದ ಗಿಡ: ಮಣ್ಣು ಒಣಗಿದೆ. ಕುಂಡ ಹಗುರವಾಗಿದೆ. ಎಲೆ ತೆಳ್ಳಗಾಗಿ ಸುಕ್ಕುಗಟ್ಟಿದೆ. ಕಾಂಡದ ಬುಡ ಗಟ್ಟಿಯಾಗಿದೆ. ಮಾಡಬೇಕಾದದ್ದು: ನೀರು ಹಾಕಿ.

ಉಸಿರು ಕಟ್ಟಿದ ಗಿಡ: ಮಣ್ಣು ಒದ್ದೆಯಾಗಿದೆ. ಕುಂಡ ಭಾರವಾಗಿದೆ. ಎಲೆ ಹಳದಿಯಾಗಿ ಉದುರುತ್ತಿದೆ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದೆ. ಕೆಟ್ಟ ವಾಸನೆ ಇದೆ. ಮಾಡಬೇಕಾದದ್ದು: ನೀರು ನಿಲ್ಲಿಸಿ, ಗಿಡವನ್ನು ಹೊರಗೆ ತೆಗೆದು ಬೇರು ಪರೀಕ್ಷಿಸಿ.

ಬಾಡುವುದು ಒಂದೇ, ಕಾರಣ ಎರಡು. ವೈದ್ಯರು ಜ್ವರ ಎಂದ ಕೂಡಲೇ ಔಷಧಿ ಕೊಡದೆ ಮೊದಲು ಪರೀಕ್ಷೆ ಮಾಡುತ್ತಾರಲ್ಲವೇ? ನೀವೂ ಗಿಡದ ವೈದ್ಯರಾಗಿ.

ಬೇಸಿಗೆ ರಜೆಯ ಸವಾಲು

ಶಾಲೆಯ ಗಿಡಗಳಿಗೆ ಕಠಿಣ ಕಾಲವೆಂದರೆ ಏಪ್ರಿಲ್, ಮೇ ತಿಂಗಳ ರಜೆ. ಬೀಗ ಹಾಕಿದ ಶಾಲೆಯಲ್ಲಿ ನೀರು ಹಾಕುವವರಿಲ್ಲ. ಹಾಗೆಂದು ರಜೆಯ ಹಿಂದಿನ ದಿನ ಕುಂಡ ತುಂಬ ನೀರು ಸುರಿದು ಹೋದರೆ ಪ್ರಯೋಜನವಿಲ್ಲ, ಹೆಚ್ಚಿನದು ಬಸಿದು ಹೋಗುತ್ತದೆ. ಕುಂಡಗಳನ್ನು ಮಧ್ಯಾಹ್ನದ ಬಿಸಿಲು ತಾಗದ ಜಾಗಕ್ಕೆ ಸೇರಿಸಿ, ಒಂದಕ್ಕೊಂದು ಹತ್ತಿರ ಇಡಿ. ಬಿಸಿಲಿಗೆ ಕಾಯುವ ತಗಡಿನ ಡಬ್ಬಿಗೆ ಗೋಣಿಚೀಲ ಸುತ್ತಿ. ಎಲ್ಲಕ್ಕಿಂತ ಒಳ್ಳೆಯದೆಂದರೆ ಒಬ್ಬೊಬ್ಬರು ಒಂದೊಂದು ಕುಂಡವನ್ನು ಮನೆಗೆ ಒಯ್ದು ಜೂನ್ ತಿಂಗಳಲ್ಲಿ ಮರಳಿ ತರುವುದು. ಕುಂಡದ ಮೇಲೆ ನಿಮ್ಮ ಹೆಸರು, ತರಗತಿ ಬರೆದ ಚೀಟಿ ಇರಲಿ.

ಆ ಹುಡುಗಿಯ ಗಿಡ ಏನಾಯಿತು?

ಮತ್ತೆ ನಮ್ಮ ಡಬ್ಬಿಗೆ ಬರೋಣ. ಬೇರು ಪೂರ್ತಿ ಕೊಳೆತಿತ್ತು. ಗಿಡವನ್ನು ಉಳಿಸಲು ಆಗಲಿಲ್ಲ. ಆದರೆ ಜೋತುಬಿದ್ದ ಕಾಂಡಗಳಲ್ಲಿ ಮೂರರ ತುದಿ ಇನ್ನೂ ಹಸಿರಾಗಿ, ಗಟ್ಟಿಯಾಗಿದ್ದವು. ಅವನ್ನು ನಾಲ್ಕು ಬೆರಳುದ್ದ, ಗಿಣ್ಣಿನ ಕೆಳಗೆ ಕತ್ತರಿಸಿದೆವು. ಕೆಳಗಿನ ಒಂದು ಜೋಡಿ ಎಲೆ ತೆಗೆದು, ಕತ್ತರಿಸಿದ ಗಾಯ ಆರಲೆಂದು ಸಂಜೆಯವರೆಗೆ ನೆರಳಿನಲ್ಲಿಟ್ಟೆವು. ಆಮೇಲೆ ಸಡಿಲ ಮಿಶ್ರಣ ತುಂಬಿದ ಮೂರು ಸಣ್ಣ ಡಬ್ಬಿಗಳಲ್ಲಿ ನೆಟ್ಟೆವು. ಎಲೆಯಲ್ಲಿದ್ದ ನೀರೇ ಬೇರು ಬರುವವರೆಗೆ ಅವಕ್ಕೆ ಬುತ್ತಿಯಾಯಿತು. ದೊಡ್ಡಪತ್ರೆ ಹೂ ಬಿಡುವುದು ಅಪರೂಪ, ಆದ್ದರಿಂದ ನಾವು ಅದನ್ನು ಬೀಜದಿಂದಲ್ಲ, ಹೀಗೆ ಕಾಂಡದ ತುಂಡಿನಿಂದಲೇ ಬೆಳೆಸುತ್ತೇವೆ.

ಸುಮಾರು ಎರಡು ವಾರಕ್ಕೆ ಎರಡು ತುಂಡುಗಳು ಚಿಗುರಿದವು. ಒಂದು ಹೋಯಿತು. ಆ ವರ್ಷ ನೀರಿನ ಸರದಿ ಪಟ್ಟಿಯ ಮೇಲೆ ಹುಡುಗಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆದು ಅಂಟಿಸಿದಳು: "ಮೊದಲು ಬೆರಳು, ಆಮೇಲೆ ನೀರು."

ಬೇಸಿಗೆ ರಜೆಗೆ ಎರಡು ಕುಂಡಗಳಲ್ಲಿ ಒಂದನ್ನು ಅವಳು ಅಜ್ಜಿಯ ಮನೆಗೆ ಮರಳಿ ಒಯ್ದಳು.

ತಿಳಿದುಕೊಳ್ಳಿ: ಬಸಳೆ, ಹತ್ತು ಗಂಟೆ ಹೂವಿನ ಗಿಡ ಇವುಗಳ ಎಲೆ ಅಥವಾ ಕಾಂಡದಲ್ಲಿಯೂ ನೀರಿನ ಸಂಗ್ರಹವಿದೆ. ಇವುಗಳ ಕುಂಡವನ್ನೂ ಇದೇ ಕ್ರಮದಲ್ಲಿ ಬದಲಿಸಬಹುದು.

ಯೋಚಿಸಿ ಉತ್ತರಿಸಿ

1. ಒದ್ದೆ ಮಣ್ಣಿನಲ್ಲಿದ್ದರೂ ಗಿಡ ಬಾಡುವುದೇಕೆ?
2. ನಿಂತ ನೀರಿನಲ್ಲಿ ಭತ್ತದ ಬೇರಿಗೆ ಗಾಳಿ ಎಲ್ಲಿಂದ ಬರುತ್ತದೆ?
3. ಎರೆ ಮಣ್ಣು ಹೊಲದಲ್ಲಿ ಒಳ್ಳೆಯದು, ಕುಂಡದಲ್ಲಿ ಏಕೆ ತೊಂದರೆ?
4. ಒಂದೇ ಮಣ್ಣು ತುಂಬಿದ ಎತ್ತರದ ಕುಂಡ ಮತ್ತು ತಗ್ಗಾದ ಅಗಲ ಕುಂಡ, ಇವೆರಡರಲ್ಲಿ ಯಾವುದರ ಮೇಲ್ಭಾಗದ ಮಣ್ಣಿಗೆ ಹೆಚ್ಚು ಗಾಳಿ ಸಿಗುತ್ತದೆ? ಸ್ಪಂಜಿನ ಚಟುವಟಿಕೆಯ ಸಹಾಯದಿಂದ ವಿವರಿಸಿ.
5. ನಿಮ್ಮ ಊರಿನ ಹಿರಿಯರನ್ನು ಕೇಳಿ, ನಿಮ್ಮಲ್ಲಿ ಎಷ್ಟು ಬಗೆಯ ಮಣ್ಣಿದೆ, ಒಂದೊಂದಕ್ಕೂ ಏನು ಹೆಸರು ಎಂದು ಪಟ್ಟಿ ಮಾಡಿ.

ಪದಗಳ ಅರ್ಥ

ಎರೆ: ಕಪ್ಪು ಜೇಡಿ ಮಣ್ಣು
ಮಸಾರಿ: ಕೆಂಪು ಮಣ್ಣು
ಗರಸು: ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು
ಗಿಣ್ಣು: ಕಾಂಡದಲ್ಲಿ ಎಲೆ ಹುಟ್ಟುವ ಜಾಗ, ಬೆರಳಿನ ಕೀಲು
ಬೇರುರೋಮ: ಬೇರಿನ ತುದಿಯ ಬಳಿ ಇರುವ, ನೀರು ಹೀರುವ ನವಿರಾದ ಎಳೆ